ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಹೋಗುವಾಗ ಮೂರೂವರೆ ಗಂಟೆ, ಬರುವಾಗ ಮೂವತ್ತು ಗಂಟೆ?!

ಕುವೆಂಪುನಗರದ ಕೂಸು (ಫ್ರೀಮಾಂಟ್)
23 ಮಾರ್ಚ್ 2024

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಮುಂದಿನ ತಿಂಗಳು ಮೊದಲ ಸಲ ನಮ್ಮ ಮನೆಗೆ ಬರುತ್ತಿದ್ದಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ. ಟಿಕೆಟ್ ಕಳಿಸಿದ ದಿನದಿಂದ ನನಗೆ ನೆಮ್ಮದಿ ಇಲ್ಲ. ಕಾರಣ ಅಪ್ಪ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಟಿಕೆಟ್ ನೋಡಿದವರೇ ಫೋನ್ ಮಾಡಿದರು.

"ಏನಮ್ಮಾ ಇದು? ಮಧ್ಯಾಹ್ನ 2.20ಕ್ಕೆ ಹೊರಡೋದು, ಅವತ್ತೇ ಸಂಜೆ 5.50ಕ್ಕೆ ತಲುಪೋದು. ಮೂರೂವರೆ ಗಂಟೆ. ಮೈಸೂರಿಂದ ಬೆಂಗಳೂರಿಗೆ ಹೋಗೋಕೇ ಅಷ್ಟು ಬೇಕು. ವಾಪಸ್ ಬರೋವಾಗ ಭಾನುವಾರ ರಾತ್ರಿ 9ಕ್ಕೆ ಹತ್ತಿದರೆ ಮಂಗಳವಾರ ಬೆಳಗಿನ ಜಾವ 3ಕ್ಕೆ ಇಳಿಯೋದು. ಮೂವತ್ತು ಗಂಟೆ! ದಾರಿ ಒಂದೇ ತಾನೇ?"

ಎರಡೂ ಊರಿನ ಗಡಿಯಾರಕ್ಕೆ ಈಗ ಹನ್ನೆರಡೂವರೆ ಗಂಟೆ ವ್ಯತ್ಯಾಸ ಇದೆ ಅಂತ ಹೇಳಿದೆ. ಅದು ಅವರಿಗೂ ಗೊತ್ತು, ಸುಮ್ನೆ ನನ್ನನ್ನು ಪರೀಕ್ಷೆ ಮಾಡಿದ್ದು. ಲೆಕ್ಕ ಸರಿ ಮಾಡಿದರೆ ಹೋಗುವಾಗ 16 ಗಂಟೆ, ಬರುವಾಗ 17ವರೆ. ಅಸಲಿ ಪ್ರಶ್ನೆ ಆಮೇಲೆ ಬಂತು. ನೆಟ್‌ನಲ್ಲಿ ದೂರ 14 ಸಾವಿರ ಕಿ.ಮೀ. ಅಂತ ಇದೆ. ಅವರು ಗೋಡೆಯ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಅಳೆದರೆ 16 ಸಾವಿರದ ಮೇಲೆ ಬರುತ್ತಿದೆ. ಯಾವುದು ಸರಿ? ವಿಮಾನದ ವೇಗ ಗಂಟೆಗೆ 900 ಅಂದರೆ 14,000 ಕಿ.ಮೀ.ಗೆ ಹದಿನೈದೂವರೆ ಗಂಟೆ ಸಾಕು. ಹೋಗುವಾಗ ಒಂದು ಲೆಕ್ಕ, ಬರುವಾಗ ಒಂದು ಲೆಕ್ಕ ಯಾಕೆ?

ಅಮ್ಮನದು ಒಂದೇ ಪ್ರಶ್ನೆ: "ಅಷ್ಟು ಹೊತ್ತು ಕೂತರೆ ಕಾಲು ಊದಲ್ವಾ?"

ತಿಳಿದವರು ದಯವಿಟ್ಟು ಹೇಳಿ. ನಾನು ಸಾಫ್ಟ್‌ವೇರ್‌ನವಳು, ನನಗೆ ಇದೆಲ್ಲ ಬರಲ್ಲ ಅಂದರೆ ಅಪ್ಪ "ಹತ್ತನೇ ಕ್ಲಾಸಲ್ಲಿ ಬರ್ತಿತ್ತು" ಅನ್ನುತ್ತಾರೆ.


ದಾವಣಗೆರೆ ಬೆಣ್ಣೆ

ನಿಮ್ಮ ತಂದೆಯವರನ್ನು ಈ ಗುಂಪಿಗೆ ಸೇರಿಸಿ. ನಿಮಗಿಂತ ಅವರೇ ಜಾಸ್ತಿ ಬೇಕು ಇಲ್ಲಿ.


ಬೇ ಏರಿಯಾ ಭಾವ

ಇದು ಈ ದಾರಿಯಲ್ಲಿ ಹೋಗುವ ಎಲ್ಲರಿಗೂ ಬರುವ ಪ್ರಶ್ನೆ. ನಮ್ಮ ಅತ್ತೆಯವರು ಏಕಾದಶಿ ದಿನ ಹೊರಟಿದ್ದರು. ಬೆಂಗಳೂರಿನಲ್ಲಿ ಉಪವಾಸ ಶುರು ಮಾಡಿ, ಹದಿನಾರು ಗಂಟೆ ಹಾರಿ, ಇಳಿದು ನೋಡಿದರೆ ಇಲ್ಲಿ ಇನ್ನೂ ಅದೇ ಏಕಾದಶಿ. ಎರಡು ಉಪವಾಸದ ಪುಣ್ಯ ಬಂತು ಅಂತ ಈಗಲೂ ಹೇಳುತ್ತಾರೆ.

ಸ್ಕೇಲ್ ವಿಷಯ: ಗೋಡೆಯ ಮ್ಯಾಪಿನಲ್ಲಿ ಅಳೆಯಬೇಡಿ. ಉರುಟು ಭೂಮಿಯನ್ನು ಚಪ್ಪಟೆ ಹಾಳೆಗೆ ಎಳೆದಾಗ ಉತ್ತರದ ಕಡೆಯ ಜಾಗವೆಲ್ಲ ಅಗಲವಾಗಿ ಹಿಗ್ಗಿರುತ್ತದೆ. ಮನೆಯಲ್ಲಿ ಗ್ಲೋಬ್ ಇದ್ದರೆ ಅದರ ಮೇಲೆ ದಾರ ಎಳೆದು ನೋಡೋಕೆ ಹೇಳಿ.


ಗಾಳಿಪಟ (ಮಂಗಳೂರು)

ನಾನು ಕೆಲವು ವರ್ಷ ವಿಮಾನದ ದಾರಿ ಹಾಕುವ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಯಾವ ಕಂಪನಿ ಅಂತ ಕೇಳಬೇಡಿ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನೆಟ್‌ನಲ್ಲಿ ಸಿಗುವ 14 ಸಾವಿರ ಸುಳ್ಳಲ್ಲ. ಎರಡು ಊರಿನ ನಡುವೆ ಭೂಮಿಯ ಮೈಮೇಲೆ ಎಳೆಯಬಹುದಾದ ಅತಿ ಚಿಕ್ಕ ಗೆರೆ ಅದು. ಆದರೆ ಆ ಗೆರೆಯ ಮೇಲೆ ಯಾವ ವಿಮಾನವೂ ಹೋಗುವುದಿಲ್ಲ.

ಯಾಕೆ ಅಂದರೆ, ಆ ಗೆರೆ ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಡುತ್ತದೆ. ಪೂರ್ವಕ್ಕೆ ಬರೀ 20 ಡಿಗ್ರಿ ವಾಲಿರುತ್ತದೆ. ನೇಪಾಳದ ಮೇಲೆ ಹಾದು, ಟಿಬೆಟ್ ದಾಟಿ, ಚೀನಾ, ಪೂರ್ವ ಸೈಬೀರಿಯಾ, ಅಲಾಸ್ಕಾ ಸುತ್ತಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಮೊದಲ ತೊಡಕು ಹಿಮಾಲಯ, ಟಿಬೆಟ್. ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಕೈಕೊಟ್ಟರೆ ವಿಮಾನ ಬೇಗ 10 ಸಾವಿರ ಅಡಿಗೆ ಇಳಿಯಬೇಕು. ನಮ್ಮ ತಲೆಯ ಮೇಲಿಂದ ಬೀಳುವ ಆಕ್ಸಿಜನ್ ಮಾಸ್ಕ್ ಹತ್ತು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರ, ಅಂದರೆ ಹದಿನಾಲ್ಕು ಸಾವಿರ ಅಡಿಯ ಮೇಲೆ. ಇಳಿಯೋದು ಎಲ್ಲಿಗೆ? ಹಾಗಾಗಿ ಅದನ್ನು ಬಳಸಿಕೊಂಡು ಹೋಗುತ್ತಾರೆ.

ಆಮೇಲೆ ಗಾಳಿ. ಈ ಪ್ರಶ್ನೆಯ ಜೀವಾಳ ಅದೇ. ನೆಲದಿಂದ ಒಂಬತ್ತು ಹನ್ನೆರಡು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲಿ, ಚಳಿಗಾಲದಲ್ಲಿ ಜಪಾನ್ ಸುತ್ತಮುತ್ತ ಇನ್ನೂ ಜೋರು. ಹೊಳೆಯಲ್ಲಿ ತೆಪ್ಪ ಬಿಟ್ಟವರಿಗೆ ಹೇಳಬೇಕಾಗಿಲ್ಲ. ಹುಟ್ಟು ಹಾಕುವ ಜೋರು ಅಷ್ಟೇ ಇದ್ದರೂ ಹರಿವಿನ ಜೊತೆ ಹೋದರೆ ಬೇಗ ದಡ ಸೇರುತ್ತದೆ, ಎದುರಾದರೆ ಕೈ ಸೋಲುತ್ತದೆ. ವಿಮಾನ ಗಾಳಿಯೊಳಗೆ 900ರಲ್ಲೇ ಹೋಗುತ್ತಿರುತ್ತದೆ. ಹಿಂದಿನಿಂದ 150ರ ಗಾಳಿ ಸಿಕ್ಕಿದರೆ ನೆಲದ ಲೆಕ್ಕದಲ್ಲಿ 1,050. ಎದುರು 100 ಬಂದರೆ 800.

ನಮ್ಮವರದೇ ಒಂದು ಉದಾಹರಣೆ ಇದೆ. ಏರ್ ಇಂಡಿಯಾ 2015ರ ಡಿಸೆಂಬರಿನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಶುರು ಮಾಡಿತು. ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ಸುಮಾರು 13,900 ಕಿ.ಮೀ., ಹದಿನಾರೂವರೆ ಗಂಟೆ. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಿದರು. ದೂರ 15,300 ಕಿ.ಮೀ.ಗೆ ಏರಿತು. ಸಮಯ ಹದಿನಾಲ್ಕೂವರೆ ಗಂಟೆಗೆ ಇಳಿಯಿತು! 1,400 ಕಿ.ಮೀ. ಜಾಸ್ತಿ ಹಾರಿ ಎರಡು ಗಂಟೆ ಮೊದಲೇ ತಲುಪುವುದು.

ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ ಇಷ್ಟೇ. ಹೋಗುವಾಗ ಪೂರ್ವಕ್ಕೆ, ಗಾಳಿಯ ಜೊತೆಗೆ. ಬರುವಾಗ ಆ ಗಾಳಿಯಿಂದ ತಪ್ಪಿಸಿಕೊಳ್ಳಲು ಉತ್ತರಕ್ಕೆ ಸರಿದು ಬೇರೆ ದಾರಿ ಹುಡುಕುತ್ತಾರೆ. ದಾರಿ ಒಂದೇ ಅಲ್ಲ. ದಿನದಿನಕ್ಕೂ ಬದಲಾಗುತ್ತದೆ.


ಸುಮ್ನೆ ಕೇಳ್ದೆ

ಒಂದು ಡೌಟು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ ಅಲ್ವಾ? ಹಾಗಾದರೆ ಪಶ್ಚಿಮಕ್ಕೆ ಹಾರಿದರೆ ಊರೇ ನಮ್ಮ ಎದುರಿಗೆ ಬರಬೇಕು. ಪಶ್ಚಿಮಕ್ಕೇ ಬೇಗ ತಲುಪಬೇಕಲ್ಲ?


ದಾವಣಗೆರೆ ಬೆಣ್ಣೆ

ಕೆಎಸ್‌ಆರ್‌ಟಿಸಿ ಬಸ್ಸಿನೊಳಗೆ ಸೊಳ್ಳೆ ಹಾರುತ್ತಿರುತ್ತದೆ. ಬಸ್ಸು ಎಂಬತ್ತರಲ್ಲಿ ಓಡುತ್ತಿದೆ ಅಂತ ಸೊಳ್ಳೆ ಹಿಂದಿನ ಗಾಜಿಗೆ ಬಡಿದುಕೊಳ್ಳುತ್ತಾ?


ಗಾಳಿಪಟ (ಮಂಗಳೂರು)

ಸೊಳ್ಳೆ ಉತ್ತರವೇ ಸರಿ. ಭೂಮಿ ಒಂದೇ ತಿರುಗುವುದಿಲ್ಲ, ಸುತ್ತಲಿನ ಗಾಳಿಯನ್ನೂ ಕರೆದುಕೊಂಡೇ ತಿರುಗುತ್ತದೆ. ಸಮಭಾಜಕ ವೃತ್ತದ ಹತ್ತಿರ ಆ ವೇಗ ಗಂಟೆಗೆ 1,670 ಕಿ.ಮೀ. ಗಾಳಿ ನಿಂತಲ್ಲೇ ನಿಂತು ಭೂಮಿ ಮಾತ್ರ ತಿರುಗುತ್ತಿದ್ದರೆ, ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಹತ್ತಿ ಮೇಲೆದ್ದು ಹನ್ನೊಂದು ನಿಮಿಷ ಸುಮ್ಮನೆ ನಿಂತಿದ್ದರೆ ಕೆಳಗೆ ಮಂಗಳೂರು ಬರಬೇಕಿತ್ತು. ನಮಗೆ ಶಿರಾಡಿ ಘಾಟಿಯ ಗೋಳೇ ಇರುತ್ತಿರಲಿಲ್ಲ.

ಆದರೆ ಒಂದು ಮಾತು ನಿಜ. ಮೇಲಿನ ಗಾಳಿಯ ಹೊಳೆ ಪೂರ್ವಕ್ಕೇ ಹರಿಯಲು ಭೂಮಿಯ ತಿರುಗುವಿಕೆಯೂ ಒಂದು ಕಾರಣ. ಹಾಗಾಗಿ ನೀವು ಕೇಳಿದ್ದು ಪೂರ್ತಿ ದಡ್ಡ ಪ್ರಶ್ನೆ ಏನಲ್ಲ.


ಸುಮ್ನೆ ಕೇಳ್ದೆ

ಪೂರ್ತಿ ಅಲ್ಲ ಅಂದಿದ್ದಕ್ಕೆ ಥ್ಯಾಂಕ್ಸ್ ಸರ್ 🙏


ಹಳೇ ಎಚ್‌ಎಎಲ್

ಈಗಿನವರ ಚಿಂತೆ ನೋಡಿ ನಗು ಬರುತ್ತದೆ. ನಾನು ಮೊದಲು ಅಮೆರಿಕಕ್ಕೆ ಹೋಗಿದ್ದು ತೊಂಬತ್ತರ ದಶಕದಲ್ಲಿ. ಆಗ ಬೆಂಗಳೂರಿನ ವಿಮಾನ ನಿಲ್ದಾಣ ಅಂದರೆ ಎಚ್‌ಎಎಲ್. ಅಲ್ಲಿಂದ ಬಾಂಬೆ. ಬಾಂಬೆಯಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಪೆಟ್ಟಿಗೆ ಹೊತ್ತು ಬಸ್ಸು. ಮಧ್ಯರಾತ್ರಿ ಹೊರಟು ಲಂಡನ್. ಅಲ್ಲಿ ಆರು ಗಂಟೆ ಬೆಂಚಿನ ಮೇಲೆ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ. ಮನೆ ಬಿಟ್ಟು ಮನೆ ಸೇರೋಕೆ ಎರಡು ದಿನ. ಅಮ್ಮ ಕಟ್ಟಿಕೊಟ್ಟ ಚಪಾತಿ ಲಂಡನ್‌ನಲ್ಲಿ ಮುಗಿದಿತ್ತು, ಚಟ್ನಿಪುಡಿ ಮಾತ್ರ ಉಳಿದಿತ್ತು. ವಿಮಾನದಲ್ಲಿ ಕೊಟ್ಟ ಬನ್ನಿಗೆ ಅದನ್ನೇ ಉದುರಿಸಿಕೊಂಡು ತಿಂದೆ. ಪಕ್ಕದ ಸೀಟಿನ ಬಿಳಿಯ ಅಜ್ಜಿ ಒಂಚೂರು ಕೇಳಿ ಇಸ್ಕೊಂಡರು.

2008ರ ಮೇ 24ಕ್ಕೆ ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ಶುರುವಾಯಿತು, ಎಚ್‌ಎಎಲ್‌ನಲ್ಲಿ ಪ್ರಯಾಣಿಕರ ವಿಮಾನ ನಿಂತಿತು. ಅಷ್ಟು ದೂರ ಯಾರು ಹೋಗ್ತಾರೆ ಅಂತ ಆಗ ಬೈದವರಲ್ಲಿ ನಾನೂ ಒಬ್ಬ.


ಸುಮ್ನೆ ಕೇಳ್ದೆ

ಚಟ್ನಿಪುಡಿ ಅಂದ ಕೂಡಲೇ ನೆನಪಾಯಿತು, ಅಮೆರಿಕಕ್ಕೆ ಕರಿಬೇವು ತಗೊಂಡು ಹೋಗಬಹುದಾ?


ಬೇ ಏರಿಯಾ ಭಾವ

ಹಸಿ ಕರಿಬೇವು ಬಿಡಲ್ಲ. ನಿಂಬೆ, ಕಿತ್ತಳೆ ಗಿಡಕ್ಕೆ ರೋಗ ಹರಡುವ ಹುಳು ಅದರ ಮೇಲೆ ಇರುತ್ತದೆ ಅಂತ. ಪುಡಿ, ಹಪ್ಪಳ ಏನೇ ಇರಲಿ, ಕೇಳಿದಾಗ "ತಿಂಡಿ ಇದೆ" ಅಂತ ಒಪ್ಪಿಕೊಳ್ಳಬೇಕು. ಮುಚ್ಚಿಟ್ಟರೆ ದಂಡ.


ಮೇಲ್ವಿಚಾರಕ

ಕರಿಬೇವಿಗೆ ಬೇರೆ ಎಳೆ ಇದೆ. ಇಲ್ಲಿ ದೂರ, ಸಮಯ ಅಷ್ಟೇ.


ಕುವೆಂಪುನಗರದ ಕೂಸು (ಫ್ರೀಮಾಂಟ್)
25 ಮಾರ್ಚ್

ಗಾಳಿಪಟ ಸರ್, ನೀವು ಬರೆದದ್ದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಅರ್ಧ ಗಂಟೆ ಬಿಟ್ಟು ವಿಡಿಯೊ ಕಾಲ್ ಬಂತು.

ಅಟ್ಟದಿಂದ ನನ್ನ ಹಳೇ ಗ್ಲೋಬ್ ಇಳಿಸಿದ್ದಾರೆ. ಎಂಟು ಇಂಚಿನದು, ಆರನೇ ಕ್ಲಾಸಿನಲ್ಲಿ ಕೊಡಿಸಿದ್ದು, ಒಂದು ಕಡೆ ತುಕ್ಕು. ಅದರಲ್ಲಿ ಬೆಂಗಳೂರಿನ ಗುರುತೇ ಇಲ್ಲ, ಪೆನ್ನಿನಲ್ಲಿ ಚುಕ್ಕೆ ಇಟ್ಟಿದ್ದಾರೆ. ಅಮ್ಮನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ. ಮೊದಲು ಗ್ಲೋಬಿನ ಹೊಟ್ಟೆ ಸುತ್ತ ದಾರ ಸುತ್ತಿ ಅಳೆದರು: 64 ಸೆಂ.ಮೀ. ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ., ಹಾಗಾದರೆ ಒಂದು ಸೆಂ.ಮೀ.ಗೆ 625. ಆಮೇಲೆ ಬೆಂಗಳೂರಿನ ಚುಕ್ಕೆಯ ಮೇಲೆ ಅಮ್ಮ ಹೆಬ್ಬೆರಳು ಒತ್ತಿ ಹಿಡಿದರು. ಅಪ್ಪ ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಹಿಡಿದು, ದಾರವನ್ನು ಮೊದಲು ಜಪಾನಿನ ಕೆಳಗೆ ಸಮುದ್ರದ ಮೇಲೆ ಇಟ್ಟರು. ಬಿಗಿ ಮಾಡುತ್ತಾ ಬಂದ ಹಾಗೆ ದಾರ ತಾನಾಗಿಯೇ ಮೇಲಕ್ಕೆ ಜಾರಿತು. ಜಪಾನ್ ಬಿಟ್ಟು ಚೀನಾ, ಚೀನಾ ಬಿಟ್ಟು ಸೈಬೀರಿಯಾ. ಅಲ್ಲಿಗೆ ಹೋಗಿ ಟಕ್ ಅಂತ ನಿಂತಿತು. "ನೋಡಿದ್ಯಾ, ದಾರಕ್ಕೇ ಗೊತ್ತು" ಅಂದರು ಅಪ್ಪ. ಅಳತೆ 22.5 ಸೆಂ.ಮೀ. 14,062 ಕಿ.ಮೀ. ಬಂತು.

ದಾರದ ಮೇಲೆ ನಂಬಿಕೆ ಸಾಲದೆ ಹಳೇ ಲಾಗ್ ಟೇಬಲ್ ಪುಸ್ತಕ ತೆಗೆದು ಲೆಕ್ಕವನ್ನೂ ಮಾಡಿದರು. ಬೆಂಗಳೂರು ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.6 ಉತ್ತರ, 122.4 ಪಶ್ಚಿಮ. ಎರಡರ ನಡುವೆ ಭೂಮಿಯ ನಡುಬಿಂದುವಿನಲ್ಲಿ ಆಗುವ ಕೋನ 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 13,989. ಮೈಸೂರಿನಲ್ಲಿ ರಾತ್ರಿ ಹತ್ತೂವರೆಗೆ ಇಬ್ಬರೂ ಚಪ್ಪಾಳೆ ತಟ್ಟಿದರು.

ಇನ್ನೊಂದು ಹೇಳಿದರು. ಟಿಕೆಟ್‌ನಲ್ಲಿರುವ ಮೂರೂವರೆ ಗಂಟೆಯನ್ನೂ ಮೂವತ್ತು ಗಂಟೆಯನ್ನೂ ಕೂಡಿಸಿ ಅರ್ಧ ಮಾಡು ಅಂತ. 16 ಗಂಟೆ 45 ನಿಮಿಷ. ಹೋಗುವಾಗ ಗಡಿಯಾರ ಎಷ್ಟು ಕದಿಯುತ್ತದೋ ಬರುವಾಗ ಅಷ್ಟನ್ನೇ ವಾಪಸ್ ಹಾಕುತ್ತದೆ, ಕೂಡಿಸಿದಾಗ ಹೊಡೆದುಹೋಗುತ್ತದೆ. ಎರಡು ಊರಿನ ಗಡಿಯಾರದ ವ್ಯತ್ಯಾಸ ಗೊತ್ತಿಲ್ಲದಿದ್ದರೂ ಸರಾಸರಿ ಪ್ರಯಾಣ ಸಿಗುತ್ತದೆ. ನನಗೆ ಇದು ಹೊಳೆದೇ ಇರಲಿಲ್ಲ.


ಗಾಳಿಪಟ (ಮಂಗಳೂರು)

ಮೇಷ್ಟ್ರಿಗೆ ನನ್ನ ಸಾಷ್ಟಾಂಗ. ಕೆಲಸದಲ್ಲಿದ್ದಾಗ ಕಂಪ್ಯೂಟರ್ ಹೇಳಿದ್ದನ್ನು ನಾವು ನೋಡಿ ಒಪ್ಪುತ್ತಿದ್ದೆವು ಅಷ್ಟೇ.

ಅವರಿಗೆ ಇನ್ನೊಂದು ಲೆಕ್ಕ ಕೊಡಿ. 14,000 ಕಿ.ಮೀ. ದಾರಿ, ವಿಮಾನದ ವೇಗ 900, ಗಾಳಿ 100. ಹೋಗುವಾಗ ಗಾಳಿ ಜೊತೆಗೆ, ಬರುವಾಗ ಎದುರಿಗೆ. ಕೂಡಿದ್ದು ಕಳೆದದ್ದು ಸರಿಹೋಗಿ ಸರಾಸರಿ ಹದಿನೈದೂವರೆ ಗಂಟೆಯೇ ಬರುತ್ತದಾ?


ಕುವೆಂಪುನಗರದ ಕೂಸು (ಫ್ರೀಮಾಂಟ್)

ಎರಡು ನಿಮಿಷದಲ್ಲಿ ಉತ್ತರ ಬಂತು ಸರ್. ಹೋಗುವಾಗ 14 ಗಂಟೆ, ಬರುವಾಗ 17ವರೆ, ಸರಾಸರಿ 15.75. ಗಾಳಿ ಇಲ್ಲದಿದ್ದರೆ 15.55. "ಎದುರು ಗಾಳಿಯಲ್ಲಿ ಜಾಸ್ತಿ ಹೊತ್ತು ಇರ್ತೀವಿ, ಅದಕ್ಕೇ ನಷ್ಟ ಪೂರ್ತಿ ತುಂಬಲ್ಲ. ಇದನ್ನು ದೋಣಿ ಲೆಕ್ಕ ಅಂತ ನಲವತ್ತು ಬ್ಯಾಚಿಗೆ ಮಾಡಿಸಿದ್ದೀನಿ ಅಂತ ಆ ಸರ್‌ಗೆ ಹೇಳು" ಅಂದರು.


ಬೇ ಏರಿಯಾ ಭಾವ

ನೇರ ವಿಮಾನ ಸಿಗದವರಿಗೆ ಒಂದು ಮಾತು. ನಡುವೆ ಇಳಿದು ಹತ್ತುವ ದಾರಿಗಳ ದೂರ ಸುಮಾರಾಗಿ ಹೀಗಿದೆ. ದುಬೈ ಮೇಲೆ ಹೋದರೆ 2,700 ಮತ್ತು 13,000, ಒಟ್ಟು 15,700. ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತು 9,150, ಒಟ್ಟು ಹದಿನಾರೂವರೆ ಸಾವಿರ. ಸಿಂಗಪುರ ಮೇಲೆ 3,200 ಮತ್ತು 13,600, ಒಟ್ಟು 16,800. ಸಿಂಗಪುರ ಪೂರ್ವಕ್ಕಿದೆ, ಅಮೆರಿಕದ ಪಶ್ಚಿಮ ಕರಾವಳಿಗೆ ಹತ್ತಿರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಈ ಮೂರರಲ್ಲಿ ಅದೇ ದೂರ.

ಆದರೆ ನಿಜವಾಗಿ ಸಮಯ ತಿನ್ನುವುದು ನಡುವಿನ ಕಾಯುವಿಕೆ. ನಾನು ಒಮ್ಮೆ ಒಂದು ಕಾಲು ಗಂಟೆಯ ಬಿಡುವು ಇರುವ ಟಿಕೆಟ್ ತೆಗೆದೆ. ಒಟ್ಟು ಪ್ರಯಾಣ ಕಡಿಮೆ ತೋರಿಸುತ್ತಿತ್ತು, ಆಸೆ. ಬೆಂಗಳೂರಿನಲ್ಲಿ ಮಂಜು, ಐವತ್ತು ನಿಮಿಷ ತಡ. ನಡುವಿನ ಊರಿನಲ್ಲಿ ಇಳಿದು ಓಡಿದೆ. ಗೇಟ್ ಬಾಗಿಲು ಕಣ್ಣೆದುರೇ ಮುಚ್ಚಿತು. ಮುಂದಿನ ವಿಮಾನ ಮಾರನೇ ದಿನ. ಕಂಪನಿ ಹೆಸರು ಬೇಡ, ತಪ್ಪು ನನ್ನದೂ ಇತ್ತು. ಅಂದಿನಿಂದ ಎರಡೂವರೆ ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ಮುಟ್ಟುವುದಿಲ್ಲ. ಅಪ್ಪ ಅಮ್ಮಂದಿರಾದರೆ ಮೂರು.


ಸುಮ್ನೆ ಕೇಳ್ದೆ

ಉತ್ತರ ಧ್ರುವದ ಮೇಲೆ ಹೋಗುತ್ತದೆ ಅಂತ ಪೇಪರಿನಲ್ಲಿ ಓದಿದ್ದೆ, ಅದು ಈ ವಿಮಾನವೇ?


ಗಾಳಿಪಟ (ಮಂಗಳೂರು)

ಹೌದು, ಇದೇ ಮಾರ್ಗ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು 11ರ ನಸುಕಿನಲ್ಲಿ ದೇವನಹಳ್ಳಿಗೆ ಬಂದು ಇಳಿಯಿತು. ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಉತ್ತರ ಧ್ರುವದ ಮೇಲೆ ಹಾದು ಬಂದರು. ಸುಮಾರು 17 ಗಂಟೆ.

ದಿನಾ ಧ್ರುವದ ಮೇಲೇ ಹೋಗುತ್ತದೆ ಅಂತಲ್ಲ. ಗಾಳಿ ನೋಡಿ, ಅನುಮತಿ ನೋಡಿ ದಾರಿ ಹಾಕುತ್ತಾರೆ. ಆ ಕಡೆ ಹೋಗಬೇಕಾದರೆ ತಯಾರಿ ಬೇರೆ. ವಿಮಾನದಲ್ಲಿ ತುಂಬುವ ಇಂಧನ ಮೈನಸ್ 47 ಡಿಗ್ರಿ ಹತ್ತಿರ ಹೆಪ್ಪುಗಟ್ಟಲು ಶುರುವಾಗುತ್ತದೆ. ಅಮೆರಿಕದಲ್ಲಿ ತುಂಬುವ ಇಂಧನವಾದರೆ ಮೈನಸ್ 40ಕ್ಕೇ. ಹೊರಗೆ ಅದಕ್ಕಿಂತ ಚಳಿ ಇರಬಹುದು. ಹಾಗಾಗಿ ರೆಕ್ಕೆಯೊಳಗಿನ ಇಂಧನದ ಬಿಸಿಯ ಮೇಲೆ ಕಣ್ಣಿಟ್ಟಿರುತ್ತಾರೆ. ಜಾಸ್ತಿ ತಣ್ಣಗಾದರೆ ಕೆಳಗಿನ ಬೆಚ್ಚಗಿನ ಗಾಳಿಗೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಸಮಭಾಜಕದ ಮೇಲೆ ನಿಂತ ಉಪಗ್ರಹಗಳು ಧ್ರುವದ ಹತ್ತಿರ ಕಾಣುವುದಿಲ್ಲ, ಅಲ್ಲಿ ಹಳೇ ಕಾಲದ ಹಾಗೆ ರೇಡಿಯೊದಲ್ಲೂ ಮಾತಾಡಬೇಕಾಗುತ್ತದೆ.

ಮೇಷ್ಟ್ರಿಗೆ: ಧ್ರುವವನ್ನೇ ಮುಟ್ಟಿಕೊಂಡು ಬಂದರೆ ಎಷ್ಟು ದೂರ ಜಾಸ್ತಿ?


ಕುವೆಂಪುನಗರದ ಕೂಸು (ಫ್ರೀಮಾಂಟ್)

"ಇದಕ್ಕೆ ಲಾಗ್ ಟೇಬಲ್ಲೂ ಬೇಡ. ಬೆಂಗಳೂರಿಂದ ಧ್ರುವಕ್ಕೆ 76.8 ಡಿಗ್ರಿ, ಧ್ರುವದಿಂದ ಅಲ್ಲಿಗೆ 52.4. ಕೂಡಿಸಿದರೆ 129.2. ಹತ್ತಿರ ಹತ್ತಿರ 14,370 ಕಿ.ಮೀ. ಬರೀ 380 ಜಾಸ್ತಿ. ಅರ್ಧ ಗಂಟೆಯೂ ಇಲ್ಲ." ಅಂತ ಅಪ್ಪ. ಆಮೇಲೆ ಮೆತ್ತಗೆ, "ಕಿಟಕಿ ಸೀಟು ಸಿಗುತ್ತಾ?"


ಹಳೇ ಎಚ್‌ಎಎಲ್

ಗಾಳಿಯ ಹೊಳೆ ಕಂಡುಹಿಡಿದವರ ಕಥೆ ಇಲ್ಲಿ ಹೇಳಲೇಬೇಕು. ವಾಸಾಬುರೊ ಓಯಿಶಿ ಅಂತ ಜಪಾನಿನ ಹವಾಮಾನ ವಿಜ್ಞಾನಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಮೇಲೆ ಹೋದ ಹಾಗೆ ಗಾಳಿ ಭಯಂಕರ ಜೋರಾಗುತ್ತದೆ ಅಂತ ಅಳೆದು ಬರೆದಿಟ್ಟರು. ಜಗತ್ತೆಲ್ಲ ಓದಲಿ ಅಂತ ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಆಗಲಿ ಅಂತ ಹೊಸದಾಗಿ ಕಟ್ಟಿದ ಭಾಷೆಯಲ್ಲಿ, ಅಚ್ಚು ಹಾಕಿಸಿದರು. ಆ ಭಾಷೆ ಬಲ್ಲವರು ಯಾರು? ಹೊರಗಿನವರು ಹೆಚ್ಚು ಜನ ಓದಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್‌ಗಳು ಜಪಾನಿನ ಮೇಲೆ ಎತ್ತರದಲ್ಲಿ ಹಾರುವಾಗ ಎದುರು ಗಾಳಿಗೆ ಸಿಕ್ಕಿ ನಿಂತಲ್ಲೇ ನಿಂತ ಹಾಗಾದವು. ಆಗ ಅರ್ಥವಾಯಿತು.


ದಾವಣಗೆರೆ ಬೆಣ್ಣೆ

ನಮ್ಮ ಹುಡುಗರ ಕನ್ನಡ ಬ್ಲಾಗುಗಳ ಗತಿಯೂ ಇದೇ ಸರ್.


ಗಾಳಿಪಟ (ಮಂಗಳೂರು)

ಅದೇ ಗಾಳಿ 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಜೊತೆ ಸೇರಿಕೊಂಡಾಗ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಒಂದು ಜಂಬೊ ವಿಮಾನ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದ ಲೆಕ್ಕದ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗ ಮೀರಿತು ಅಂತ ಕೆಲವರು ಬರೆದರು. ಇಲ್ಲ. ಗಾಳಿಯೊಳಗೆ ಅದು ಮಾಮೂಲಿ ವೇಗದಲ್ಲೇ ಇತ್ತು, ಗಾಳಿಯೇ ಅದನ್ನು ಹೊತ್ತುಕೊಂಡು ಓಡಿತು.

ಗಾಳಿ ಬಿಟ್ಟರೆ ಇನ್ನೊಂದು ಕಾರಣ, ಮುಚ್ಚಿದ ಆಕಾಶ. 2022ರಲ್ಲಿ ರಷ್ಯಾ ಆಕಾಶ ಯುರೋಪಿನ ಕಂಪನಿಗಳಿಗೆ ಬಂದ್ ಆದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ಪ್ರಯಾಣ ಹದಿಮೂರರ ಹತ್ತಿರ ಹೋಯಿತು. ಊರು ಇದ್ದಲ್ಲೇ ಇದೆ. ನಮ್ಮ ಕಡೆಯೂ 2019ರಲ್ಲಿ ಫೆಬ್ರುವರಿ ಕೊನೆಯಿಂದ ಜುಲೈ ತನಕ ಪಾಕಿಸ್ತಾನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರೆಲ್ಲ ಗುಜರಾತ್ ಸುತ್ತಿಕೊಂಡು ಹೋದರು.


ಸುಮ್ನೆ ಕೇಳ್ದೆ

ಅಷ್ಟು ದೂರ ಎರಡೇ ಎಂಜಿನ್. ನಡುವೆ ಒಂದು ಕೆಟ್ಟರೆ?


ಗಾಳಿಪಟ (ಮಂಗಳೂರು)

ಒಂದೇ ಎಂಜಿನ್‌ನಲ್ಲಿ ಇಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವ ಹಾಗೆ ಮೊದಲೇ ದಾರಿ ಹಾಕಿರುತ್ತಾರೆ. ಅದಕ್ಕೂ ವಿಮಾನ ಗೆರೆ ಬಿಟ್ಟು ಓರೆ ಹೋಗುವುದುಂಟು. 2023ರ ಜೂನಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತಲ್ಲ, ಹಾಗೆ. ಎಲ್ಲರೂ ಕ್ಷೇಮವಾಗಿದ್ದರು.

ಇದನ್ನು ಅವರ ಅಮ್ಮನಿಗೆ ಓದಿ ಹೇಳಬೇಡಿ.


ನರ್ಸಮ್ಮ (ಹುಬ್ಬಳ್ಳಿ)

ಅಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ. ಎಲ್ಲ ಗಂಡಸರೂ ಗಾಳಿ ಹಿಂದೆ ಓಡಿದರು.

ಕಾಲು ಊದುತ್ತದೆ ತಂಗಿ, ಸ್ವಲ್ಪ ಊದೇ ಊದುತ್ತದೆ. ಕೂತಲ್ಲೇ ಕೂತರೆ ಕಾಲಿನ ರಕ್ತ ಮೇಲೆ ಬರುವುದು ನಿಧಾನ. ಒಂದೆರಡು ಗಂಟೆಗೊಮ್ಮೆ ಎದ್ದು ಶೌಚಾಲಯದ ತನಕ ನಡೆಯಲಿ. ಕೂತಲ್ಲೇ ಪಾದವನ್ನು ಹೊಲಿಗೆ ಮಿಷನ್ ತುಳಿದ ಹಾಗೆ ಆಡಿಸಲಿ. ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೆ ಇರುತ್ತಾರೆ ನಮ್ಮ ಹೆಂಗಸರು. ಹಾಗೆ ಮಾಡಿಸಬೇಡಿ. ನಡುವಿನ ದಾರಿಯ ಪಕ್ಕದ ಸೀಟು ಅಮ್ಮನಿಗೆ ಕೊಡಿಸಿ. ಒಂದೇ ಕಾಲು ಊದಿ ನೋವು ಬಂದರೆ ಮಾತ್ರ ಉದಾಸೀನ ಬೇಡ, ಇಳಿದ ಕೂಡಲೇ ಡಾಕ್ಟರ್ ಹತ್ತಿರ ಹೋಗಿ. ಮೊದಲೇ ಕಾಲಿನ ರಕ್ತನಾಳದ ತೊಂದರೆ ಇದ್ದವರು ಬಿಗಿ ಸಾಕ್ಸ್ ಬಗ್ಗೆ ಕೇಳಿಕೊಂಡೇ ಹೊರಡಲಿ.

ಇಬ್ಬರಲ್ಲಿ ಯಾರಿಗಾದರೂ ಶುಗರ್ ಇದ್ದರೆ ಇದು ಮುಖ್ಯ. ಗಡಿಯಾರ ಹನ್ನೆರಡೂವರೆ ಗಂಟೆ ಹಿಂದೆ ಹೋಗುತ್ತದೆ. ಇಲ್ಲಿಯ ರಾತ್ರಿ ಮಾತ್ರೆ ಅಲ್ಲಿಯ ಬೆಳಗ್ಗೆ ಆಗುತ್ತದೆ. ಯಾವಾಗ ಏನು ತಗೊಳ್ಳಬೇಕು ಅಂತ ಅವರ ಡಾಕ್ಟರ್ ಹತ್ತಿರ ಕಾಗದದ ಮೇಲೆ ಬರೆಸಿಕೊಳ್ಳಿ. ಮಾತ್ರೆ ಕೈಚೀಲದಲ್ಲೇ ಇರಲಿ, ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಬೇಡ.


ಕುವೆಂಪುನಗರದ ಕೂಸು (ಫ್ರೀಮಾಂಟ್)

ಅಕ್ಕಾ, ತುಂಬಾ ಉಪಕಾರ. ಅಮ್ಮನಿಗೆ ಶುಗರ್ ಇದೆ. ನಾಳೆಯೇ ಡಾಕ್ಟರ್ ಹತ್ತಿರ ಹೋಗುತ್ತಾರೆ. "ಒಬ್ಬರಾದರೂ ನನ್ನ ಮಾತು ಕೇಳಿಸಿಕೊಂಡರಲ್ಲ" ಅಂದರು.


ಬೇ ಏರಿಯಾ ಭಾವ

ಗಾಳಿಪಟ ಅವರು ಬಿಟ್ಟ ಒಂದು ಅಂಶ. ಟಿಕೆಟ್‌ನಲ್ಲಿರುವ 16 ಗಂಟೆ ಪೂರ್ತಿ ಹಾರುವ ಸಮಯ ಅಲ್ಲ. ಗೇಟಿನಿಂದ ಹಿಂದೆ ಸರಿದಾಗಿನಿಂದ ಅಲ್ಲಿಯ ಗೇಟಿಗೆ ಬಂದು ನಿಲ್ಲುವ ತನಕ. ನೆಲದ ಮೇಲೆ ಉರುಳುವುದು, ಸಾಲಿನಲ್ಲಿ ಕಾಯುವುದು ಎಲ್ಲ ಸೇರಿ. ತಡ ಆದರೂ ಸಮಯಕ್ಕೆ ಬಂದ ಹಾಗೆ ಕಾಣಲಿ ಅಂತ ಕಂಪನಿಗಳು ಸ್ವಲ್ಪ ಸಡಿಲ ಬಿಟ್ಟೇ ಬರೆದಿರುತ್ತವೆ.

ಮನೆ ಬಾಗಿಲಿನ ಲೆಕ್ಕ ಬೇರೆಯೇ ಇದೆ. ಮೈಸೂರಿನಿಂದ ನಿಲ್ದಾಣಕ್ಕೆ ಫ್ಲೈಬಸ್ ನಾಲ್ಕು ಗಂಟೆಯ ಮೇಲೆ. ಅಲ್ಲಿ ಮೂರ್ನಾಲ್ಕು ಗಂಟೆ ಮೊದಲೇ ಇರಬೇಕು. ವಿದೇಶದ ವಿಮಾನಗಳು ಈಗ ಎರಡನೇ ಟರ್ಮಿನಲ್‌ನಿಂದ, 2023ರ ಸೆಪ್ಟೆಂಬರಿನಿಂದ. ಇಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಇಬ್ಬರಿಗೂ ಗಾಲಿಕುರ್ಚಿ ಕೇಳಿ ಹಾಕಿ, ನಾಚಿಕೆ ಬೇಡ. ನಡೆಯೋದು ಬಹಳ ಇದೆ.


ಕುವೆಂಪುನಗರದ ಕೂಸು (ಫ್ರೀಮಾಂಟ್)

ಅಮ್ಮ ಒಪ್ಪಿದರು. ಅಪ್ಪ "ನನಗೆ ಕಾಲಿದೆ" ಅಂದರು. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಇಪ್ಪತ್ತೇಳೂವರೆ ಗಂಟೆ ಅಂತ ಬರೆದು ಸಹಿ ಹಾಕಿ ಫೋಟೊ ಕಳಿಸಿದ್ದಾರೆ.


ಕುವೆಂಪುನಗರದ ಕೂಸು (ಫ್ರೀಮಾಂಟ್)
21 ಏಪ್ರಿಲ್

ಬಂದರು!

ಅಪ್ಪ ದಾರಿಯುದ್ದಕ್ಕೂ ಎದುರಿನ ಪರದೆ ನೋಡಿ ಗಂಟೆಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಪಕ್ಕದ ಸೀಟಿನ ಹುಡುಗ ನೀವು ಪೈಲಟ್ಟಾ ಅಂತ ಕೇಳಿದನಂತೆ. ಅವರ ಟಿಪ್ಪಣಿ ಇದ್ದ ಹಾಗೇ ಹಾಕುತ್ತಿದ್ದೇನೆ.

"2.45 ಹಿಂದೆ ಸರಿದೆವು, 25 ನಿಮಿಷ ತಡ. ಬಂಗಾಳ ಕೊಲ್ಲಿ ಕಡೆಗೆ ಹೋದೆವು, ಹಿಮಾಲಯದ ಕಡೆ ಇಲ್ಲ. ವೇಗ 890. ಊಟ, ಅನ್ನ ಗಟ್ಟಿ. ಚೀನಾ ಮೇಲೆ ವೇಗ 1,010. ಗಾಳಿ ಸಿಕ್ಕಿತು. ಜಪಾನ್ ಹತ್ತಿರ ರಾತ್ರಿ. ಇವಳನ್ನು ಎಬ್ಬಿಸಿ ನಡೆಸಿದೆ, ಬೈದಳು. ಜಪಾನ್ ದಾಟಿದ ಮೇಲೆ 1,130! ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂ ಆಗಿರಲಿಲ್ಲ, ಕಿಟಕಿಯಲ್ಲಿ ಬೆಳಕು ಬಂತು. ಒಟ್ಟು ಹಾರಿದ ದೂರ ಸುಮಾರು 14,900. ಅಂದರೆ ದಾರದ ಲೆಕ್ಕಕ್ಕಿಂತ 900 ಜಾಸ್ತಿ, ಆದರೂ ಬೇಗ. ಸಂಜೆ 5.35ಕ್ಕೆ ನಿಂತೆವು. ಗೇಟಿನಿಂದ ಗೇಟಿಗೆ 15 ಗಂಟೆ 20 ನಿಮಿಷ."

ಗಾಳಿಪಟ ಸರ್, 1,130ರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ನಿಮಗೆ ತೋರಿಸು ಅಂದರು. ಅಮ್ಮನ ಕಾಲು ಸ್ವಲ್ಪ ಊದಿದೆ, ನೋವಿಲ್ಲ, ಈಗ ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದ್ದಾರೆ.


ಗಾಳಿಪಟ (ಮಂಗಳೂರು)

ಎರಡು ಗೆರೆ ನೋಡಿ ಮನಸ್ಸು ತುಂಬಿತು. ಮೇಷ್ಟ್ರೇ, ಬಾಗಿಲಿನ ಲೆಕ್ಕ ಏನಾಯಿತು? ಇಪ್ಪತ್ತೇಳೂವರೆ ಅಂದಿದ್ದಿರಿ.


ಕುವೆಂಪುನಗರದ ಕೂಸು (ಫ್ರೀಮಾಂಟ್)

ಬೆಳಗ್ಗೆ ಐದಕ್ಕೆ ಕುವೆಂಪುನಗರದ ಬಾಗಿಲಿಗೆ ಬೀಗ. ಇಲ್ಲಿ ಮನೆಯೊಳಗೆ ಕಾಲಿಟ್ಟಾಗ ರಾತ್ರಿ 8.40. ಅಪ್ಪನ ಕೈಗಡಿಯಾರ ಇನ್ನೂ ಮೈಸೂರಿನ ಸಮಯದಲ್ಲೇ ಇದೆ, ಅದರಲ್ಲಿ ಬೆಳಗ್ಗೆ 9.10. ಒಟ್ಟು 28 ಗಂಟೆ 10 ನಿಮಿಷ. ನಲವತ್ತು ನಿಮಿಷ ತಪ್ಪಿದೆ. ವಿಮಾನ ಕಾಲು ಗಂಟೆ ಮೊದಲೇ ಬಂದರೂ ಲೆಕ್ಕ ತಪ್ಪಿದ್ದು ಹೇಗೆ ಅಂತ ಕೂತು ಹುಡುಕುತ್ತಿದ್ದಾರೆ. ಚಟ್ನಿಪುಡಿ ಇದ್ದ ಪೆಟ್ಟಿಗೆ ಬೆಲ್ಟಿನ ಮೇಲೆ ಕೊನೆಗೆ ಬಂತು ಅಂತ ಅಮ್ಮ ದಿಂಬಿನ ಕಡೆಯಿಂದಲೇ ಹೇಳುತ್ತಿದ್ದಾರೆ, ಅವರು ಕೇಳಿಸಿಕೊಳ್ಳುತ್ತಿಲ್ಲ.